ಅಡಿಕೆ ಹಾಳೆ ತಟ್ಟೆ ಊಟಕ್ಕೆ ಆದೀತೇ?

ಪರ: ಬೂಷ್ಟು ಹಾಳೆಯದಲ್ಲ, ಮಾಡಿದವರದು

ಅಡಿಕೆ ಮರದ ಸೋಗೆಯ (ಗರಿಯ) ಬುಡದಲ್ಲಿರುವ ಅಗಲವಾದ ಹಾಳೆ ತಾನಾಗಿ ಕಳಚಿ ಬೀಳುತ್ತದೆ. ಅದಕ್ಕೆ ಮರ ಕಡಿಯಬೇಕಿಲ್ಲ. ತಟ್ಟೆಯಾಗುವಾಗ ಅಂಟು ಸೇರುವುದಿಲ್ಲ, ಬಣ್ಣ ಸೇರುವುದಿಲ್ಲ. ನೀರು ಮತ್ತು ಕಾದ ಅಚ್ಚು ಇದ್ದರೆ ಆಯಿತು. ಮಿರಮಿರ ಮಿಂಚುವ ಪೇಪರ್ ತಟ್ಟೆಯನ್ನು ಒಮ್ಮೆ ನೀರಲ್ಲಿ ನೆನೆಸಿ ಹರಿದು ನೋಡಿ, ಪ್ಲಾಸ್ಟಿಕ್ ಪೊರೆ ಕೈಗೆ ಬರುತ್ತದೆ. 2022ರ ಜುಲೈ 1ರಿಂದ ದೇಶದಲ್ಲೆಲ್ಲ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ನಿಷೇಧ ಬಂತು. ಆದರೂ ಆ ಪೊರೆ ವೇಷ ಬದಲಿಸಿಕೊಂಡು ಮದುವೆಮನೆಗೆ ಬರುತ್ತಲೇ ಇದೆ.

ಹಾಳೆ ತಟ್ಟೆಯ ಮೇಲಿರುವ ದೊಡ್ಡ ದೂರು ಬೂಷ್ಟು. ತೀರ್ಥಹಳ್ಳಿ, ಹೊಸನಗರದ ಕಡೆ ಜುಲೈ ತಿಂಗಳಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ತಟ್ಟೆಯೊಂದನ್ನೇ ಬೈದು ಪ್ರಯೋಜನವಿಲ್ಲ. ಕೆಲಸ ಎಲ್ಲಿ ಕೆಡುತ್ತದೆ ಎಂದು ನೋಡಬೇಕು.

ಮೊದಲು ಕೆಡುವುದು ತೋಟದಲ್ಲೇ. ತಟ್ಟೆಗೆ ಹಾಳೆ ಆಯುವ ಕಾಲ ಜನವರಿಯಿಂದ ಮೇ ನಡುಭಾಗದವರೆಗೆ. ಬಿದ್ದ ಹಾಳೆ ಒದ್ದೆ ನೆಲದಲ್ಲಿ ಮೂರು ನಾಲ್ಕು ದಿನ ಮಲಗಿದರೆ ಕೆಳಮೈಗೆ ಕಪ್ಪು ಚುಕ್ಕೆ ಕೂರುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ದಿನ ಬಿಟ್ಟು ದಿನವಾದರೂ ಆಯಬೇಕು. ಸೋಗೆ ಕಡಿದು, ಹಾಳೆಯನ್ನು ಎರಡು ದಿನ ಬಿಸಿಲಿಗೆ ಒಡ್ಡಿ, ಕಟ್ಟು ಕಟ್ಟಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಪೇರಿಸಬೇಕು. ಒಮ್ಮೆ ಮಳೆಯಲ್ಲಿ ನೆಂದ ಹಾಳೆ ತಟ್ಟೆಗೆ ಬೇಡವೇ ಬೇಡ. ಕೊಚ್ಚಿ ಕೊಟ್ಟಿಗೆಗೆ ಹಾಸಿ, ಗೊಬ್ಬರವಾದರೂ ಆಗುತ್ತದೆ.

ಎರಡನೆಯದು ನೀರಿನ ತೊಟ್ಟಿ. ಒಣಗಿದ ಹಾಳೆ ಮೆದುವಾಗಲು ಹದಿನೈದು ಇಪ್ಪತ್ತು ನಿಮಿಷ ಸಾಕು. ತಪ್ಪು ಎಲ್ಲಿ ಎಂದರೆ, ಬೆಳಗ್ಗೆ ತುಂಬಿದ ನೀರಲ್ಲೇ ಸಂಜೆಯವರೆಗೂ ನೆನೆಸುತ್ತಾರೆ. ಮಧ್ಯಾಹ್ನಕ್ಕೆ ಆ ನೀರು ಕಷಾಯದ ಬಣ್ಣಕ್ಕೆ ತಿರುಗಿರುತ್ತದೆ, ಕೊನೆಯ ನೂರು ಹಾಳೆ ಮೊದಲ ನೂರರ ಕೊಳೆಯಲ್ಲಿ ಮೀಯುತ್ತದೆ. ನೀರು ಬದಲಿಸಬೇಕು. ನಾರಿನ ಉದ್ದಕ್ಕೆ ಬ್ರಷ್ ಎಳೆದು ಎರಡೂ ಮೈ ತಿಕ್ಕಬೇಕು, ಅಡ್ಡ ತಿಕ್ಕಿದರೆ ಗೀರಿನೊಳಗಿನ ಮಣ್ಣು ಅಲ್ಲೇ ಉಳಿಯುತ್ತದೆ. ತಿಕ್ಕಿದ ಮೇಲೆ ಅರ್ಧ ಗಂಟೆ ನಿಲ್ಲಿಸಿ ನೀರು ಬಸಿಯಲು ಬಿಡಿ. ಮೇಲಿನ ನೀರಿನ ಹೊಳಪು ಆರಿರಬೇಕು, ಮಡಿಸಿದರೆ ಬಿರಿಯಬಾರದು. ಅದೇ ಹದ.

ಇನ್ನು ಒತ್ತುವುದು. ಡೈ, ಅಂದರೆ ಅಚ್ಚು, ನೂರು ಡಿಗ್ರಿ ದಾಟಿ ಕಾದಿರಬೇಕು. ಹಾಳೆಯ ದಪ್ಪ ನೋಡಿಕೊಂಡು ಒಂದರಿಂದ ಒಂದೂವರೆ ನಿಮಿಷ ಹಿಡಿಯಬೇಕು. ಹಾಳೆಯಲ್ಲಿ ನೀರು ಹೆಚ್ಚಿದ್ದರೆ ಆವಿ ಒಳಗೇ ಸಿಕ್ಕಿಕೊಂಡು ಗುಳ್ಳೆ ಏಳುತ್ತದೆ, ತೆಗೆದ ತಟ್ಟೆ ಹತ್ತು ನಿಮಿಷದಲ್ಲಿ ಸೊಟ್ಟಗಾಗುತ್ತದೆ. ನೀರು ಕಡಿಮೆಯಾದರೆ ಅಂಚು ನಾರಿನುದ್ದಕ್ಕೆ ಸೀಳುತ್ತದೆ. ಕಾವು ಮೀರಿದರೆ ಕಂದಿ, ಅನ್ನಕ್ಕೆ ಸೀದ ವಾಸನೆ ಹತ್ತುತ್ತದೆ. ನಮ್ಮ ಹಳ್ಳಿಗಳಲ್ಲಿ ಸಂಜೆ ವೋಲ್ಟೇಜ್ ಇಳಿಯುತ್ತದೆ, ಹೀಟರ್ ಕಾಯುವುದಿಲ್ಲ. ಒತ್ತುವವರು ಡೈಯ ಮೀಟರ್ ನೋಡದೆ ಗಡಿಯಾರವನ್ನೇ ನೋಡುತ್ತಾರೆ. ಹಾಗೆ ಅರೆಬೆಂದ ತಟ್ಟೆಗಳೇ ಗೋದಾಮಿನಲ್ಲಿ ಬೂಷ್ಟು ಹಿಡಿಯುವುದು.

ಬಿಸಿ ತಟ್ಟೆಯನ್ನು ಒಂದರ ಮೇಲೊಂದು ಪೇರಿಸಿದರೆ ಕಟ್ಟಿನ ನಡುವೆ ಬೆವರುತ್ತದೆ. ಜಾಲರಿಯ ಮೇಲೆ ಬಿಡಿಬಿಡಿಯಾಗಿ ಹರಡಿ ಆರಿಸಬೇಕು. ಒಣಗಿತೋ ಇಲ್ಲವೋ ತಿಳಿಯಲು ಯಂತ್ರವೇನೂ ಬೇಡ. ಐದು ತಟ್ಟೆಯನ್ನು ಪಾಲಿಥೀನ್ ಚೀಲಕ್ಕೆ ಹಾಕಿ, ಬಾಯಿ ಬಿಗಿದು, ಒಂದು ಗಂಟೆ ಬಿಸಿಲಲ್ಲಿಡಿ. ಚೀಲದ ಒಳಮೈಯಲ್ಲಿ ಹನಿ ಕಂಡರೆ ಆ ಕಟ್ಟು ಮಾರುವುದಕ್ಕಿಲ್ಲ.

ಈಚೆಗೆ ಎಲ್ಲರ ಬಾಯಲ್ಲೂ ಅಮೆರಿಕದ್ದೇ ಮಾತು. ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ 2025ರ ಮೇ ತಿಂಗಳಲ್ಲಿ ಹಾಳೆ ತಟ್ಟೆ ಬೇಡ ಎಂದಿತಂತೆ. ಅಡಿಕೆ ಎಂದರೆ ಗುಟ್ಕಾ ಚೀಟಿ ಎಂದೇ ತಿಳಿದವರಿಗೆ ಹಾಳೆಯೂ ಗುಟ್ಕಾ, ಸೋಗೆಯೂ ಗುಟ್ಕಾ. ನಾಳೆ ಅಡಿಕೆ ತೋಟದ ಗಾಳಿಗೂ ಎಚ್ಚರಿಕೆ ಪತ್ರ ಅಂಟಿಸಿಯಾರು. ಜಗಿದು ರಸ ನುಂಗುವ ಅಡಿಕೆಯೂ ಅರ್ಧ ಗಂಟೆ ಅನ್ನ ಬಡಿಸಿಕೊಳ್ಳುವ ಹಾಳೆಯೂ ಒಂದೇ ಎಂದರೆ ಏನು ಹೇಳುವುದು?

ಬಾಳೆ ಎಲೆ ಶ್ರೇಷ್ಠ, ಒಪ್ಪಿದೆ. ಆದರೆ ಪಂಕ್ತಿ ಹೋಗಿ ಬಫೆ ಬಂದಿದೆ. ಬಾಳೆ ಎಲೆಯನ್ನು ಎಡಗೈಯಲ್ಲಿ ಹಿಡಿದು ನಿಂತು ಉಣ್ಣುವವರನ್ನು ಯಾರಾದರೂ ತೋರಿಸಲಿ. ಮುತ್ತುಗದ ಎಲೆಯ ಕಡ್ಡಿ ಗಂಟಲಿಗೆ ಸಿಕ್ಕೀತೆಂಬ ಭಯ ಬೇರೆ.

ವಿರೋಧ: ತೊಳೆದರೆ ಹೋಗದ್ದೂ ಇದೆ

ಹಾಳೆ ತಟ್ಟೆಯೇ ಬೇಡ ಎನ್ನುವಷ್ಟು ಹಟ ನನಗಿಲ್ಲ. ವಿರೋಧದ ಕಡೆಯಿಂದ ಬರೆಯಲು ಹೇಳಿದ್ದರಿಂದ, ಆಹಾರ ಶುಚಿತ್ವದ ಲೆಕ್ಕದಲ್ಲಿ ಕೂಡಿಬಾರದ್ದನ್ನು ಮಾತ್ರ ಹೇಳುತ್ತೇನೆ.

ಅಡಿಕೆಯಲ್ಲಿ ಅರೆಕೋಲಿನ್ ಮತ್ತು ಅದರ ಬಳಗದ ಆಲ್ಕಲಾಯ್ಡ್‌ಗಳಿವೆ, ಅಂದರೆ ಗಿಡಮರಗಳಲ್ಲಿ ಸಹಜವಾಗಿ ಹುಟ್ಟುವ ರಾಸಾಯನಿಕಗಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಗುಂಪಿಗೆ, ಸೇರಿಸಿತು. ಹಾಳೆ ತಟ್ಟೆ ಬೇಡ ಎಂದ ಅಮೆರಿಕದ ಇಲಾಖೆಯ ಪತ್ರ ಹೇಳಿದ್ದು ಗುಟ್ಕಾದ ಮಾತಲ್ಲ. ಹಾಳೆಯಲ್ಲಿ ಸಹಜವಾಗಿರುವ ಆಲ್ಕಲಾಯ್ಡ್ ಊಟಕ್ಕೆ ಇಳಿಯಬಹುದು ಎಂಬುದೇ ಅದರ ಆಕ್ಷೇಪ. ಅರೆಕೋಲಿನ್ ನೀರಿನಲ್ಲಿ ಕರಗುತ್ತದೆ. ಹುಳಿಯೂ ಬಿಸಿಯೂ ಸೇರಿದರೆ ಇನ್ನೂ ಸಲೀಸು. ನಮ್ಮ ಊಟದಲ್ಲಿ ಸಾರು, ಹುಳಿ, ತಂಬುಳಿ, ಮಜ್ಜಿಗೆ ಎಲ್ಲವೂ ಹುಳಿಯೇ! ವರ್ಷಕ್ಕೆ ನಾಲ್ಕು ಮದುವೆ ಊಟ ಮಾಡುವವರು ಹೆದರಬೇಕೆಂದು ನಾನೂ ಹೇಳಲಾರೆ. ದಿನಕ್ಕೆರಡು ಸಲ ಇದರಲ್ಲೇ ಬಡಿಸುವ ಮೆಸ್ಸಿನ ಲೆಕ್ಕ ಬೇರೆ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೃಷಿ, ತೋಟಗಾರಿಕೆಯ ವಿಶ್ವವಿದ್ಯಾಲಯವೇ ಇದೆ. ಬಿಸಿ ಸಾರನ್ನು ಅರ್ಧ ಗಂಟೆ ಹಾಳೆ ಬಟ್ಟಲಲ್ಲಿಟ್ಟು ಅಳೆಯುವುದು ಅಲ್ಲಿ ಕಷ್ಟದ ಕೆಲಸವೇನಲ್ಲ.

ನನಗೆ ನಿಜಕ್ಕೂ ಚಿಂತೆಯಾಗುವುದು ಬೋರ್ಡೋ ದ್ರಾವಣದ್ದು. ಅಡಿಕೆ ಕಾಯಿ ಕೊಳೆಯುವ ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನದ ಮೇಲೆ ಇನ್ನೊಮ್ಮೆ ಹೊಡೆಯುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಗೊನೆಗೆ ಹೊಡೆದದ್ದು ಹತ್ತಿರದ ಹಾಳೆಗೂ ಹತ್ತುತ್ತದೆ. ಹಾಳೆಯ ಹೊರಮೈಯ ನೀಲಿ ಬಿಳುಪು ಕಲೆ ಅದೇ. ಬ್ರಷ್ ಎಳೆದರೆ ಹೋಗುತ್ತದೆ ಎನ್ನುವವರು ಒಂದು ಮಾತು ಮರೆಯುತ್ತಾರೆ. ಮಲೆನಾಡಿನ ಮಳೆಗೂ ತೊಳೆದು ಹೋಗದಿರಲಿ ಎಂದೇ ಅದಕ್ಕೆ ರಾಳದ ಸೋಪು ಬೆರೆಸಿರುತ್ತೇವೆ. ಆ ಮಳೆಗೆ ಹೋಗದ್ದು ಇಪ್ಪತ್ತು ನಿಮಿಷದ ತೊಟ್ಟಿಯಲ್ಲಿ ಪೂರ್ತಿ ಬಿಟ್ಟೀತೇ? ದ್ರಾವಣಕ್ಕೆ ಚಾಕು ಅದ್ದಿ ತಾಮ್ರ ನೋಡುವ ಪರೀಕ್ಷೆ ತಟ್ಟೆಗೆ ಸಾಲದು, ಅಷ್ಟು ಕಡಿಮೆ ತಾಮ್ರ ಚಾಕುವಿಗೆ ಕಾಣುವುದಿಲ್ಲ. ಕಲೆಯಿರುವ ಹಾಳೆಯನ್ನು ಆಯುವಾಗಲೇ ಬೇರೆ ಹಾಕಬೇಕು. ಹಾಳೆಯನ್ನು ಲೆಕ್ಕದ ಮೇಲೆ ಕೊಳ್ಳುವ ಕಡೆ ಯಾರು ಬೇರೆ ಹಾಕುತ್ತಾರೆ?

ಕಾವಿನ ಬಗ್ಗೆಯೂ ಒಂದು ಮಾತು. ಒಂದೂವರೆ ನಿಮಿಷದ ಬಿಸಿಗೆ ಬೂಷ್ಟು ಸಾಯಬಹುದು. ಬೂಷ್ಟು ಮೊದಲೇ ಬಿಟ್ಟುಹೋದ ಅಫ್ಲಟಾಕ್ಸಿನ್‌ನಂಥ ವಿಷ ಆ ಕಾವಿಗೆ ಜಗ್ಗುವುದಿಲ್ಲ. ಕೆಲವು ಬ್ಯಾಕ್ಟೀರಿಯಾಗಳ ಬೀಜಕಣಗಳೂ ಉಳಿಯುತ್ತವೆ. ಸೂಕ್ಷ್ಮಾಣು ಕೊಲ್ಲುವ ಯುವಿ (ಅತಿನೇರಳೆ) ದೀಪದ ಕೆಳಗೆ ಹಾಯಿಸಿದ್ದೇವೆ ಎಂದು ಕೆಲವರು ಹೇಳುತ್ತಾರೆ. ಬೆಳಕು ಬಿದ್ದಲ್ಲಿ ಮಾತ್ರ ಅದರ ಕೆಲಸ, ನಾರಿನ ಗೀರಿನೊಳಗೆ ನೆರಳೇ.

ಬಫೆಗೆ ಬಾಳೆ ಎಲೆ ಆಗದು ಎನ್ನುವುದಕ್ಕೆ ಉತ್ತರ ಸುಲಭ: ಸ್ಟೀಲ್ ತಟ್ಟೆ, ಮೇಲೆ ವೃತ್ತಕ್ಕೆ ಕತ್ತರಿಸಿದ ಬಾಳೆ ಎಲೆ. ತೊಳೆಯಲು ಜನ ಬೇಕು ಎನ್ನುತ್ತಾರೆ, ಹೌದು, ಬೇಕು. ಹಾಳೆ ತಟ್ಟೆಯೇ ಆಗಬೇಕೆನ್ನುವವರು ಕಟ್ಟು ಬಿಚ್ಚಿ ಕಪ್ಪು ಚುಕ್ಕೆ, ನೀಲಿ ಕಲೆ ಇರುವುದನ್ನೆಲ್ಲ ಎತ್ತಿ ಹೊರಗಿಡಲಿ. ಮೂಸಿ ನೋಡಿದರೆ ಮುಗ್ಗು ವಾಸನೆ ಬರುವ ಕಟ್ಟನ್ನು ಇಡಿಯಾಗಿ ಹಿಂದಿರುಗಿಸಲಿ. ಅನ್ನ, ಪಲ್ಯ, ಹೋಳಿಗೆಗೆ ತಟ್ಟೆ ಇರಲಿ, ಸಾರು ಪಾಯಸಕ್ಕೆ ಸ್ಟೀಲ್ ಲೋಟ ಕೊಡಲಿ.