ತಮ್ಮನಿಗಾಗಿ ಮದುವೆಯಾದ ಲೂಯಿಸಾ

ಚಾರ್ಲ್ಸ್ ಡಿಕನ್ಸ್ 1854ರಲ್ಲಿ ಬರೆದ ‘ಹಾರ್ಡ್ ಟೈಮ್ಸ್’ ಕಾದಂಬರಿಯ ಲೂಯಿಸಾಳನ್ನು ತ್ಯಾಗಮಯಿ ಅಕ್ಕ ಎಂದು ಹೊಗಳುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಮ್ಮ ಟಾಮ್‌ಗೆ ಅನುಕೂಲವಾಗಲೆಂದು ಆಕೆ ತನಗಿಂತ ಸುಮಾರು ಮೂವತ್ತು ವರ್ಷ ಹಿರಿಯನಾದ, ಬ್ಯಾಂಕಿನ ಒಡೆಯ ಬೌಂಡರ್ಬಿಯನ್ನು ಮದುವೆಯಾದದ್ದು ನಿಜ. ಆದರೆ ಯಾವುದನ್ನಾದರೂ ತ್ಯಾಗ ಮಾಡಬೇಕಾದರೆ ಅದು ತನ್ನದು, ಅದಕ್ಕೆ ಬೆಲೆಯಿದೆ ಎಂಬ ಅರಿವು ಮೊದಲು ಇರಬೇಕು. ತನ್ನ ಬದುಕಿನ ಬಗ್ಗೆ ಲೂಯಿಸಾಳಿಗೆ ಆ ಅರಿವೇ ಮೂಡದಂತೆ ಅವಳನ್ನು ಬೆಳೆಸಲಾಗಿತ್ತು.

ಅಂಕಿ ಅಂಶಗಳ ಹೊರತು ಬೇರೇನನ್ನೂ ನಂಬದ ಅಪ್ಪ ಗ್ರಾಡ್‌ಗ್ರೈಂಡ್, ಬೌಂಡರ್ಬಿಯ ಪ್ರಸ್ತಾಪವನ್ನು ಮಗಳ ಮುಂದಿಡುವಾಗ ಇಂಗ್ಲೆಂಡಿನ ವಿವಾಹಗಳ ಲೆಕ್ಕ ತೆಗೆದು, ವಯಸ್ಸಿನ ಅಂತರ ದೊಡ್ಡ ವಿಷಯವಲ್ಲ ಎಂದು ವಾದಿಸುತ್ತಾನೆ. (ಆ ವಾದಕ್ಕೆ ಪುಷ್ಟಿಯಾಗಿ ಆತ ಭಾರತದ ಮದುವೆಗಳನ್ನೂ ಎಳೆದು ತರುತ್ತಾನೆ ಎಂಬುದನ್ನು ಓದಿ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.) ಕಿಟಕಿಯಾಚೆ ತಮ್ಮ ಕಾರ್ಖಾನೆಗಳ ಊರಾದ ಕೋಕ್‌ಟೌನಿನ ಚಿಮಣಿಗಳನ್ನು ನೋಡುತ್ತ ಲೂಯಿಸಾ, ಈಗ ಬರೀ ಹೊಗೆ ಕಾಣುತ್ತದೆ, ರಾತ್ರಿಯಾದರೆ ಬೆಂಕಿ ಭುಗಿಲೇಳುತ್ತದೆ ಎನ್ನುತ್ತಾಳೆ. ಅಪ್ಪನಿಗೆ ಆ ಮಾತು ಅರ್ಥವಾಗುವುದಿಲ್ಲ. ಏನಾದರೇನು ಎಂದುಕೊಂಡು ಆಕೆ ಒಪ್ಪಿಬಿಡುತ್ತಾಳೆ.

ಒಪ್ಪಿಗೆಯ ಹಿಂದಿದ್ದವನು ಟಾಮ್. ಇದಕ್ಕೂ ಬಹಳ ಮೊದಲು, ಬೌಂಡರ್ಬಿ ಅವಳ ಕೆನ್ನೆಗೆ ಮುತ್ತಿಟ್ಟು ಹೋದ ಮೇಲೆ ಆಕೆ ಆ ಜಾಗವನ್ನು ಕರವಸ್ತ್ರದಿಂದ ಕೆಂಪಾಗುವವರೆಗೆ ಉಜ್ಜಿಕೊಂಡದ್ದನ್ನು, ಚಾಕುವಿನಿಂದ ಆ ತುಂಡನ್ನು ಕತ್ತರಿಸಿ ತೆಗೆದರೂ ತಾನು ಅಳುವುದಿಲ್ಲ ಎಂದದ್ದನ್ನು ಕಣ್ಣಾರೆ ಕಂಡವನು ಅವನೇ. ಅಷ್ಟು ಗೊತ್ತಿದ್ದೂ, ತಾನು ಕೆಲಸಕ್ಕಿದ್ದ ಬೌಂಡರ್ಬಿಯ ಬ್ಯಾಂಕಿನಲ್ಲಿ ತನ್ನ ದಿನಗಳು ಸುಖವಾಗಿ ಕಳೆಯಲೆಂದು ಅಕ್ಕನ ಮನಸ್ಸನ್ನು ಆ ಕಡೆಗೆ ಒಲಿಸುತ್ತಾನೆ. ಅವನು ಬಲವಂತ ಮಾಡುವುದಿಲ್ಲ, ಅಕ್ಕರೆಯಿಂದಲೇ ಕೆಲಸ ಸಾಧಿಸುತ್ತಾನೆ. ಪ್ರೀತಿಸಲು ಆ ಮನೆಯಲ್ಲಿ ಅವಳಿಗೆ ದಕ್ಕಿದ್ದು ಇವನೊಬ್ಬನೇ ಆದ್ದರಿಂದ, ಇದ್ದಬದ್ದ ಪ್ರೀತಿಯನ್ನೆಲ್ಲ ಅವಳು ಇವನ ಮೇಲೆಯೇ ಸುರಿದಳು.

ಹಣವಂತನ ಹೆಂಡತಿಯಾದರೂ ಅವಳ ಕೈಗೆ ಹಣ ಬರಲಿಲ್ಲ. ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ವಿವಾಹಿತೆಯ ಚರಾಸ್ತಿ ಸಾಮಾನ್ಯವಾಗಿ ಗಂಡನಿಗೇ ಸೇರುತ್ತಿತ್ತು. ಅದು ಬದಲಾಗತೊಡಗಿದ್ದು 1870ರ ಕಾಯ್ದೆಯಿಂದ, ಹೆಚ್ಚು ಪೂರ್ಣವಾಗಿ 1882ರ ಕಾಯ್ದೆಯಿಂದ. ಹಾಗಾಗಿ ಟಾಮ್‌ನ ಸಾಲ ತೀರಿಸಲು ಅವಳು ಕೆಲವು ಒಡವೆಗಳನ್ನು ಮಾರುತ್ತಾಳೆ, ಅವು ಗಂಡ ಕೊಟ್ಟವು ಎಂಬ ಸುಳಿವನ್ನೂ ಲೇಖಕ ಕೊಡುತ್ತಾನೆ. ಈ ವಿಷಯವನ್ನು, ತನ್ನನ್ನು ಒಲಿಸಿಕೊಳ್ಳಲು ಹವಣಿಸುತ್ತಿದ್ದ ಹಾರ್ಟ್‌ಹೌಸ್ ಎಂಬ ಸಿರಿವಂತ ಮನೆತನದವನಿಗೆ ತಿಳಿಸುವಾಗ, ಅದೇನೂ ತ್ಯಾಗವಲ್ಲ, ಆ ಒಡವೆಗಳಿಗೆ ತನ್ನ ಪಾಲಿಗೆ ಬೆಲೆಯೇ ಇರಲಿಲ್ಲ ಎಂದು ಲೂಯಿಸಾ ತಾನೇ ಹೇಳುತ್ತಾಳೆ. ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ. ಮುಂದೆ ಟಾಮ್ ಒಂದೇ ಸಲಕ್ಕೆ ನೂರು ಪೌಂಡ್ ಕೇಳಿದಾಗ ಅವಳಿಂದ ಕೊಡಲಾಗಲಿಲ್ಲ. ಅವನು ಬ್ಯಾಂಕಿನಿಂದ ನೂರೈವತ್ತು ಪೌಂಡಿಗೂ ಮಿಕ್ಕಿದ ಹಣ ಕದ್ದು, ಸ್ಟೀಫನ್ ಬ್ಲ್ಯಾಕ್‌ಪೂಲ್ ಎಂಬ ಬಡ ನೇಕಾರನ ಮೇಲೆ ಅನುಮಾನ ಬೀಳುವಂತೆ ಮಾಡಿದ.

ಅಕ್ಕನ ಮದುವೆ ತಮ್ಮನನ್ನು ಕಾಪಾಡಲಿಲ್ಲ. ತನ್ನ ತಪ್ಪಿನ ಭಾರವನ್ನು ಹೊರಲು ಇನ್ನೊಬ್ಬರು ಸದಾ ಇದ್ದಾರೆ ಎಂಬ ಧೈರ್ಯವನ್ನು ಮಾತ್ರ ಅವನಲ್ಲಿ ಬೆಳೆಸಿತು. ಕೊನೆಗೆ ಸರ್ಕಸ್ಸಿನವರ ನೆರವಿನಿಂದ, ಮುಖಕ್ಕೆ ಕಪ್ಪು ಬಳಿದುಕೊಂಡು ದೇಶ ಬಿಟ್ಟು ಓಡುವ ಹೊತ್ತಿನಲ್ಲಿ, ಬೌಂಡರ್ಬಿಯನ್ನು ತೊರೆದು ತವರಿಗೆ ಬಂದ ಅಕ್ಕನನ್ನೇ ಅವನು ದೂರುತ್ತಾನೆ: ತಾನು ಅಪಾಯದಲ್ಲಿದ್ದಾಗ ಅವಳು ಗಂಡನನ್ನು ಬಿಟ್ಟು ಬಂದಳಂತೆ, ತನ್ನ ಮೇಲೆ ಅವಳಿಗೆ ಎಂದೂ ಪ್ರೀತಿ ಇರಲಿಲ್ಲವಂತೆ. ಹಾಗೆ ಹೇಳಿ ಹೊರಟವನನ್ನು ಅವಳು ಅಳುತ್ತ ಕೂಗಿ ಕರೆಯುತ್ತಾಳೆ, ಕ್ಷಮಿಸಿದ್ದೇನೆ, ಈಗಲೂ ನಿನ್ನನ್ನು ಪ್ರೀತಿಸುತ್ತೇನೆ ಎನ್ನುತ್ತಾಳೆ.