ಪವರ್‌ಸ್ಲೇವ್ ಎಲ್ಲಿ ಸಾರ್?

ಎಂಬತ್ತರ ದಶಕದ ಹತ್ತು ಅತ್ಯುತ್ತಮ ಮೆಟಲ್ (ಅಬ್ಬರದ ಗಿಟಾರಿನ ರಾಕ್ ಸಂಗೀತ) ಆಲ್ಬಂಗಳು ಅಂತ ನೀವು ಹಾಕಿದ ಪಟ್ಟಿ ಚೆನ್ನಾಗಿದೆ. ಮೆಟಾಲಿಕಾ ಬ್ಯಾಂಡಿನ ‘ಮಾಸ್ಟರ್ ಆಫ್ ಪಪೆಟ್ಸ್’ (1986) ಮೊದಲ ಸ್ಥಾನದಲ್ಲಿ ಇರೋದಕ್ಕೆ ನನ್ನ ತಕರಾರಿಲ್ಲ. ಆದರೆ ಐರನ್ ಮೇಡನ್ ಬ್ಯಾಂಡಿನ 1984ರ ‘ಪವರ್‌ಸ್ಲೇವ್’ ಹತ್ತರೊಳಗೂ ಇಲ್ಲ ಅಂದ್ರೆ ಹೇಗೆ?

ನಾನು ಅದನ್ನು ಕೇಳಿದ್ದು ಮೈಸೂರಿನ ಸರಸ್ವತಿಪುರಂ ಮನೆಯಲ್ಲಿ, ಕಾಲೇಜು ದಿನಗಳಲ್ಲಿ. ಕ್ಯಾಸೆಟ್ ಅಂಗಡಿಯವನು 90 ನಿಮಿಷದ ಕ್ಯಾಸೆಟ್ಟಿನ ಒಂದೇ ಬದಿಗೆ ಇಡೀ ಆಲ್ಬಂ ತುಂಬಿಸಿದ್ದ. ಬದಿಗೆ 45 ನಿಮಿಷ, ಆಲ್ಬಂ 50ಕ್ಕಿಂತ ಜಾಸ್ತಿ. ಕೊನೆಯ ಹಾಡೇ 13 ನಿಮಿಷಕ್ಕೂ ಉದ್ದ, ಇಂಗ್ಲಿಷ್ ಕವಿ ಕೋಲ್‌ರಿಡ್ಜ್ ಬರೆದ ಮುದಿ ನಾವಿಕನ ಕವಿತೆ ಆಧರಿಸಿದ್ದು. ನಡುವೆ ಸದ್ದೆಲ್ಲ ಇಳಿದು ಹಡಗಿನ ಮರ ಕಿರ್ರ್ ಅನ್ನುತ್ತದಲ್ಲ, ಅಲ್ಲೇ ಎಲ್ಲೋ ಟಕ್ ಅಂತ ಟೇಪ್ ಮುಗಿಯುತ್ತಿತ್ತು. ಆ ನಾವಿಕ ಊರು ಸೇರಿದ ಅಂತ ನನಗೆ ಗೊತ್ತಾಗಿದ್ದು ಎರಡು ವರ್ಷ ಆದಮೇಲೆ!

ಇನ್ನೊಂದು ಬದಿಗೆ ಸ್ಲೇಯರ್ ಬ್ಯಾಂಡಿನ ‘ರೇನ್ ಇನ್ ಬ್ಲಡ್’ ಆಲ್ಬಂ. ಸುಮಾರು 29 ನಿಮಿಷ ಅಷ್ಟೇ, ಉಸಿರಾಡೋಕೂ ಬಿಡಲ್ಲ. ಉಳಿದ ಜಾಗಕ್ಕೆ ಪುಣ್ಯಾತ್ಮ ಸುಮ್ನೆ ರಾಜ್‌ಕುಮಾರ್ ಹಾಡು ಹಾಕಿಬಿಟ್ಟಿದ್ದ. ಸ್ಲೇಯರ್ ನಿಂತು ಅಣ್ಣಾವ್ರು ಶುರುವಾದ ಕೂಡಲೇ ಅಡುಗೆಮನೆಯಿಂದ ಅಮ್ಮ, “ಹಾಂ, ಈಗ ಸ್ವಲ್ಪ ಸೌಂಡ್ ಜಾಸ್ತಿ ಮಾಡು” ಅನ್ನುತ್ತಿದ್ದರು.