ಗೊಂಬೆಯ ತಳದಲ್ಲಿ ಏನೂ ಇರಲಿಲ್ಲ

ಕಳೆದ ಡಿಸೆಂಬರ್‌ನಲ್ಲಿ ಆಫೀಸಿನ ಗೆಳೆಯನೊಬ್ಬನ ಮಗುವಿಗೆ ಒಂದು ಗಿಲಕಿ ಕೊಟ್ಟೆ. ಜರ್ಮನಿಯ ಡ್ರೆಸ್ಡನ್‌ಗೆ ಬಂದು 6 ವರ್ಷ ಆಯಿತು. ಊರಿಂದ ಬರುವಾಗೆಲ್ಲ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹಪ್ಪಳದ ನಡುವೆ ನಾಲ್ಕೈದು ಗೊಂಬೆ ಇದ್ದೇ ಇರುತ್ತವೆ. ಅವನು ಗಿಲಕಿಯನ್ನು ಅಲ್ಲಾಡಿಸಿದ, ಮೂಸಿ ನೋಡಿದ. ಆಮೇಲೆ ತಿರುಗಿಸಿ ತಳ ನೋಡಿದ.

"ಯಾರು ಮಾಡಿದ್ದು?" ಎಂದ.

"ಚನ್ನಪಟ್ಟಣದ್ದು," ಎಂದೆ. ಸ್ವಲ್ಪ ಹೆಮ್ಮೆಯಿಂದಲೇ.

"ಅದು ಊರಿನ ಹೆಸರಲ್ಲವಾ? ಮಾಡಿದ್ದು ಯಾರು?"

ನನಗೆ ಗೊತ್ತಿರಲಿಲ್ಲ. ಚುಚ್ಚಿದ್ದು ಅದಲ್ಲ. ನಾನೂ ಅದೇ ಊರಿನವನು. ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಇವತ್ತಿಗೂ ಅಲ್ಲೇ ಲೇತ್ ಇಟ್ಟುಕೊಂಡು ಗೊಂಬೆ ಕಡೆಯುತ್ತಾನೆ. ಆ ಗಿಲಕಿ ಅವನ ಕೈಯದ್ದೇ ಇದ್ದರೂ ಇರಬಹುದು. ಸಂಜೆ ಫ್ಲೈಟ್ ಇದೆ ಅಂತ ಬೆಂಗಳೂರಿನ ಒಂದು ಅಂಗಡಿಯಲ್ಲಿ ಕೊಂಡಿದ್ದೆ. ತಳದಲ್ಲಿ ಬೆಲೆ ಚೀಟಿ ಅಂಟಿಸಿದ್ದ ಗೋಂದಿನ ಕಲೆ ಬಿಟ್ಟರೆ ಏನೂ ಇರಲಿಲ್ಲ.

ಇಲ್ಲಿಂದ ಕಾರಿನಲ್ಲಿ ಒಂದು ಗಂಟೆ ಚಿಲ್ಲರೆ ಹೋದರೆ ಎರ್ಟ್ಸ್‌ಗೆಬಿರ್ಗೆ ಬೆಟ್ಟಗಳಲ್ಲಿ ಝೈಫೆನ್ ಅಂತ ಊರಿದೆ. ಅದು ಇವರ ಚನ್ನಪಟ್ಟಣ. ಒಂದು ಕಾಲಕ್ಕೆ ತವರದ ಗಣಿ ಇದ್ದ ಊರು. ಗಣಿ ಬರಿದಾದ ಹಾಗೆ ಜನ ಮರ ಕಡೆಯೋದಕ್ಕೆ ಇಳಿದರು. ಜನವರಿಯಲ್ಲಿ ಅದೇ ಗೆಳೆಯ ಕರೆದುಕೊಂಡು ಹೋದ.

ಅಲ್ಲಿ ನೋಡಿದ್ದನ್ನು ಹೇಳಲೇಬೇಕು. ಕುಶಲಕರ್ಮಿ ಮರದ ದಪ್ಪ ಬಿಲ್ಲೆಯನ್ನು ಲೇತ್‌ಗೆ ಹಾಕಿ ಬಳೆಯ ಹಾಗೆ ಕಡೆಯುತ್ತಾನೆ. ಹೊರಗಿನಿಂದ ನೋಡಿದರೆ ಬರೀ ಉಬ್ಬುತಗ್ಗಿನ ಬಳೆ, ತಲೆಬುಡ ಗೊತ್ತಾಗಲ್ಲ. ಆಮೇಲೆ ಉಳಿ ಇಟ್ಟು ಟಕ್ ಅಂತ ಸೀಳುತ್ತಾನೆ. ಸೀಳಿದ ಕಡೆ ಒಂದು ಹಸು ನಿಂತಿರುತ್ತದೆ! ಬಳೆಯನ್ನು ಬದನೆಕಾಯಿ ಹೋಳಿನ ಹಾಗೆ ಸೀಳುತ್ತಾ ಹೋದರೆ ಒಂದು ಹಿಂಡೇ ಬರುತ್ತದೆ. ನೋಡುತ್ತಿದ್ದ ಮಕ್ಕಳು ಕೂಗಿದರು. ನಾನೂ ಕೂಗಿದೆ. ಆ ಟಕ್ ಆದಮೇಲೆ ಬರಿಗೈಲಿ ಹೊರಗೆ ಬರೋದು ಕಷ್ಟ. ಪೆಟ್ಟಿಗೆಯ ಮೇಲೆ ಕಾರ್ಖಾನೆಯ ಹೆಸರು, ವಿಳಾಸ, ಪಕ್ಕದಲ್ಲೇ ಬೆಲೆ. ಚೌಕಾಸಿ ಇಲ್ಲ. ಮುಂದಿನ ವರ್ಷ ಮತ್ತೊಂದು ಹಸು ಬೇಕಾದರೆ ಯಾರನ್ನು ಕೇಳಬೇಕು ಅಂತ ಮನೆಯಲ್ಲಿ ಕೂತೇ ಗೊತ್ತಾಗುತ್ತದೆ.

ನಮ್ಮಲ್ಲಿ ನೋಡೋದಕ್ಕೆ ಇದಕ್ಕಿಂತ ಕಡಿಮೆ ಇದೆಯಾ? ತಿರುಗುವ ಆಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ತಿಕ್ಕಾಟದ ಬಿಸಿಗೇ ಬಣ್ಣ ಕರಗಿ ಹತ್ತಿಕೊಳ್ಳುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಕನ್ನಡಿ ಹಾಗೆ ಹೊಳೆಯುತ್ತದೆ. ಚಿಕ್ಕಂದಿನಲ್ಲಿ ಶಾಲೆ ಬಿಟ್ಟಮೇಲೆ ಇದನ್ನು ನೋಡುತ್ತಾ ನಿಂತು ಬೈಸಿಕೊಂಡವನು ನಾನು. ಹಾಗಿದ್ದೂ ಊರಿನ ಆ ಹೈಸ್ಕೂಲ್ ಗೆಳೆಯನ ಇನ್‌ಸ್ಟಾಗ್ರಾಮ್ ತೆಗೆದು ನೋಡಿದರೆ ಟ್ಯೂಬ್‌ಲೈಟಿನ ಕೆಳಗೆ, ಪ್ಲಾಸ್ಟಿಕ್ ಕವರಿನ ಒಳಗೆ ಗೊಂಬೆಗಳ ಗುಡ್ಡೆ. ಕೆಳಗೆ "ಬೆಲೆಗೆ ಮೆಸೇಜ್ ಮಾಡಿ". ಲೇತ್ ಇಲ್ಲ, ಕೈ ಇಲ್ಲ, ಹೆಸರೂ ಇಲ್ಲ.

ಅವತ್ತು ರಾತ್ರಿಯೇ ಫೋನ್ ಮಾಡಿದೆ. ಊರಲ್ಲಿ ಆಗ ಬೆಳಗಿನ ಜಾವ, ಪಾಪ. "ಜಾಹೀರಾತಿಗೆ ದುಡ್ಡು ಎಲ್ಲಿಂದ ತರಲೋ?" ಎಂದು ಶುರು ಮಾಡಿದ. ದುಡ್ಡು ಯಾರು ಕೇಳಿದರು? ಒಂದು ರಬ್ಬರ್ ಸ್ಟಾಂಪ್ ಮಾಡಿಸು, ಹೆಸರು ಮತ್ತು ಫೋನ್ ನಂಬರ್ ಅಷ್ಟೇ. ಬಣ್ಣ ಹತ್ತದ ತಳಕ್ಕೆ ಒತ್ತು. ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಫೋಟೊ, ಬೆಲೆ ಹಾಕಿಡು. ಗೂಗಲ್ ಮ್ಯಾಪ್‌ನಲ್ಲಿ ನಿನ್ನ ಶೆಡ್ಡನ್ನು ಗುರುತು ಮಾಡು. ಎರಡಕ್ಕೂ ಕಾಸಿಲ್ಲ. ಬೆಳಗಿನ ಬಿಸಿಲಲ್ಲಿ, ಕಿಟಕಿ ಪಕ್ಕ, ಬಣ್ಣ ಕರಗುವ ಅರ್ಧ ನಿಮಿಷದ ವಿಡಿಯೊ ತೆಗಿ. ಕೊಂಡವರ ನಂಬರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ದಸರಾಕ್ಕೆ ಒಂದು ತಿಂಗಳು ಮುಂಚೆ ಒಂದೇ ಒಂದು ಮೆಸೇಜ್ ಕಳಿಸು. ದಿನಾ ಗುಡ್ ಮಾರ್ನಿಂಗ್ ಕಳಿಸಬೇಡ.

ಎಲ್ಲ ಕೇಳಿ ಅವನು ಹೇಳಿದ್ದು ಇಷ್ಟು: "ನಂಬರ್ ಹಾಕಿದ್ರೆ ಅಂಗಡಿಯವನು ಮಾಲು ತಗೊಳಲ್ಲ ಕಣೋ. ಗಿರಾಕಿ ನೇರ ನನ್ನ ಹತ್ರ ಬಂದ್ರೆ ಅವನಿಗೇನು ಉಳಿಯುತ್ತೆ?"

ನನಗೆ ಸಿಟ್ಟು ಬಂತು. ಅಂಗಡಿಯವನ ಮೇಲಲ್ಲ, ಇವನ ಮೇಲೆ. ನಮ್ಮ ಗೊಂಬೆಗೆ 2005-06ರಷ್ಟು ಹಿಂದೆಯೇ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು, ಸಿಕ್ಕಿತು. ಒಳ್ಳೆಯದೇ. ಆದರೆ ಟ್ಯಾಗ್ ಊರಿನ ಹೆಸರನ್ನು ಕಾಯುತ್ತದೆ, ಮಾಡಿದವನ ಹೆಸರನ್ನಲ್ಲ. ನಾವೂ ಊರಿನ ಹೆಸರು ಹೇಳಿ ಎದೆ ಉಬ್ಬಿಸುತ್ತೇವೆ, ಅಲ್ಲಿಗೆ ಮುಗಿಯಿತು. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಹೋಗುವವರೆಲ್ಲ ಗೊಂಬೆ ಅಂಗಡಿ ಮುಂದೆ ಗಾಡಿ ನಿಲ್ಲಿಸುತ್ತಿದ್ದಷ್ಟು ಕಾಲ ಇದು ನಡೆಯಿತು. ರಸ್ತೆಯೇ ಬಿಟ್ಟಿ ಜಾಹೀರಾತಾಗಿತ್ತು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆಯಿತು, ಬೈಪಾಸಿನಲ್ಲಿ ಗಾಡಿಗಳು ಊರನ್ನು ಬಳಸಿಕೊಂಡು ಸರ್ರನೆ ಹೋಗತೊಡಗಿದವು. ಅಂಗಡಿಗೇ ವ್ಯಾಪಾರ ಇಲ್ಲ ಅಂದಮೇಲೆ ಅಂಗಡಿಗೆ ಮಾಲು ಹಾಕುವವನ ಗತಿ? ಮುಂಚೆ ಕೊಂಡವರು ಮತ್ತೆ ಹುಡುಕಿಕೊಂಡು ಬರೋಣ ಅಂದರೆ ತಳದಲ್ಲಿ ಹೆಸರೇ ಇಲ್ಲವಲ್ಲ.

ಈ ಸಿಟ್ಟನ್ನೆಲ್ಲ ಆಫೀಸಿನ ಗೆಳೆಯನ ಮುಂದೆ ತೋಡಿಕೊಂಡೆ. ನಿಮ್ಮವರಿಗೆ ಕೆಲಸದ ಮೇಲೆ ಎಷ್ಟು ಅಭಿಮಾನ, ಹೆಸರು ಹಾಕದೆ ಬಿಡಲ್ಲ ಎಂದೆ. ಅವನು ನಕ್ಕ. ಅಭಿಮಾನ ಇರಬಹುದು, ಆದರೆ ಆಟಿಕೆಯ ಮೇಲೋ ಪೆಟ್ಟಿಗೆಯ ಮೇಲೋ ತಯಾರಕರ ಹೆಸರು, ವಿಳಾಸ ಇರಲೇಬೇಕು ಅಂತ ಕಾಯ್ದೆ ಇದೆ ಎಂದ. ಹುಡುಕಿ ನೋಡಿದೆ. ನಿಜ, ಐರೋಪ್ಯ ಒಕ್ಕೂಟದ 2009ರ ಆಟಿಕೆ ಸುರಕ್ಷತೆಯ ನಿಯಮದಲ್ಲೇ ಇದೆ. ನಮ್ಮಲ್ಲಿ 2021ರಿಂದ ಆಟಿಕೆಗೆ ಬಿಐಎಸ್‌ನ ಗುಣಮಟ್ಟದ ಗುರುತು ಕಡ್ಡಾಯ ಮಾಡಿದಾಗ, ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಕೊಟ್ಟರು. ಬಡವರ ಮೇಲೆ ಪರೀಕ್ಷೆಯ ಖರ್ಚು ಬೀಳದಿರಲಿ ಅಂತ. ಅದನ್ನು ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು, ಮನಸ್ಸಿಲ್ಲದಿದ್ದರೂ. ಝೈಫೆನ್‌ನವರಿಗೆ ಡಿಸೆಂಬರ್ ಇದೆ. ಡ್ರೆಸ್ಡನ್‌ನ ಕ್ರಿಸ್ಮಸ್ ಸಂತೆ 1434ರಿಂದ ನಡೆದುಬಂದಿದೆ. ಮರದ ಗೊಂಬೆ ಇಲ್ಲದೆ ಇವರ ಕಿಟಕಿಗೆ ಹಬ್ಬ ಇಲ್ಲ. ಬೆಲೆ ಚೀಟಿ ಧೈರ್ಯವಾಗಿ ಹಾಕೋದು ಆ ಬೆಲೆ ಕೊಡುವವರು ಇದ್ದಾಗ. ನಮ್ಮ ಗೆಳೆಯ ಬೆಲೆ ಬರೆದರೆ, ನಮ್ಮ ಅತ್ತೆಯೇ ಅರ್ಧಕ್ಕೆ ಕೇಳುತ್ತಾರೆ. ಆಮೇಲೆ ಅರಿಶಿನ ಕುಂಕುಮಕ್ಕೆ ಬಂದ ನಾಲ್ಕು ಜನರನ್ನು ಅವರೇ ಅವನ ಶೆಡ್ಡಿಗೆ ಕರೆದುಕೊಂಡೂ ಹೋಗುತ್ತಾರೆ. ಇಲ್ಲಿ ಯಾರೂ ಯಾರನ್ನೂ ಹಾಗೆ ಕೈಹಿಡಿದು ಕರೆದುಕೊಂಡು ಹೋಗೋದನ್ನು ನಾನು ನೋಡಿಲ್ಲ.

ಅವನು ಸ್ಟಾಂಪ್ ಮಾಡಿಸಿದ. ಅಂಗಡಿಗೆ ಹೋಗುವ ಮಾಲಿಗೆ ಒತ್ತಲ್ಲ, ಮನೆಯಲ್ಲಿ ಮಾರುವುದಕ್ಕೆ ಮಾತ್ರ. ಇರಲಿ, ಅಷ್ಟಾದರೂ. ಮೂರು ತಿಂಗಳ ಮೇಲೆ ಮೊದಲ ಫೋನ್ ಬಂತಂತೆ, ದಾವಣಗೆರೆಯಿಂದ ಒಬ್ಬರು ಅಜ್ಜಿ. ಮೊಮ್ಮಗನ ಗಾಡಿಯ ಚಕ್ರ ಕಿತ್ತುಬಂದಿದೆ, ಏನು ಮಾಡಲಿ ಅಂತ. ಇವನು ಹೊಸ ಚಕ್ರ ಕಡೆದು, ಅಂಚೆ ಖರ್ಚೂ ತಾನೇ ಹಾಕಿ ಕಳಿಸಿದ.

"ದುಡ್ಡು?" ಎಂದೆ.

"ಅಜ್ಜಿ ಹತ್ರ ಏನು ಕೇಳೋದೋ. ಗಾಡಿ ಜೊತೆ ಮಗು ಇರೋ ಫೋಟೊ ಕಳ್ಸಿದ್ದಾರೆ. ಅವರನ್ನ ಕೇಳಿದೀನಿ, ಹಾಕ್ಕೋಪ್ಪಾ ಅಂದ್ರು. ಹಾಕ್ಲಾ?"

"ಹಾಕು. ಕೆಳಗೆ ಗಾಡಿ ಬೆಲೆನೂ ಹಾಕು."

"ಬೆಲೆ ಬೇಡ ಬಿಡೋ," ಎಂದ. "ಮಗು ಫೋಟೊ ಕೆಳಗೆ ಚೆನ್ನಾಗಿರಲ್ಲ."